ಮೂರನೆಯ ಸದ್ದು

ಬಿದಿರಿನ ಗಳವನ್ನು ಮಂಡಿಗೆ ಒತ್ತಿಕೊಂಡು ಆವುಲಪ್ಪ ಗೆಣ್ಣು ಸವರುತ್ತಿದ್ದ. ವೆಂಕಟರಮಣಪ್ಪ ಅಂಗಳ ದಾಟಿ ಬಂದವನೇ ಅವನ ಕೈಯಿಂದ ಮಚ್ಚು ಕಿತ್ತುಕೊಂಡ.

"ಬಿಡ್ಲಾ. ಕಿವುಡನಿಗೆ ಸುಳ್ಳು ಹೇಳಿ ಏಳು ವರ್ಷ ಅನ್ನ ತಿಂದೋನು ನೀನು. ನಮ್ಮಣ್ಣನ ಚಟ್ಟಕ್ಕೆ ನಿನ್ನ ಕೈ ತಾಕೋದು ಬ್ಯಾಡ."

ಹೊಲದ ಮನೆಯ ಅಂಗಳದ ತುಂಬ ಜನ. ಡೆಂಕಣಿಕೋಟೆಯಿಂದ ಬಂದ ನೆಂಟರು, ಅಕ್ಕಪಕ್ಕದ ಹೊಲದವರು, ಕ್ವಾರಿಯ ಹಳೆಯ ಜೊತೆಗಾರರು. ಮೂಲೆಯಲ್ಲಿ ಹುಲ್ಲು ಉರಿಸಿ ತಮಟೆ ಕಾಯಿಸುತ್ತಿದ್ದವರ ಕೈ ಕೂಡ ನಿಂತುಹೋಯಿತು. ಜಗಲಿಯ ಮೇಲೆ ಗೋಡೆಗೆ ಒರಗಿಸಿ ಕೂರಿಸಿದ್ದ ಮುತ್ತರಾಯಪ್ಪ ಮಾತ್ರ, ಬದುಕಿದ್ದಾಗ ಯಾರು ಏನಂದರೂ ಇರುತ್ತಿದ್ದ ಹಾಗೆ, ಯಾವುದೂ ಕಿವಿಗೆ ಬೀಳದವನಂತೆ ತಣ್ಣಗಿದ್ದ. ನಿನ್ನೆ ಮಧ್ಯಾಹ್ನ ಮುದ್ದೆ ಉಂಡು, ಕೈ ತೊಳೆದು, ಹುಣಸೆ ಮರಕ್ಕೆ ಒರಗಿದವನು ಮತ್ತೆ ಏಳಲಿಲ್ಲ.

ಆವುಲಪ್ಪ ಎದ್ದು ನಿಂತ. ಇಪ್ಪತ್ತಮೂರರ ಮೈ. ಸತ್ತವನ ಹೆಂಡತಿ ಪಿಳ್ಳಮ್ಮನಿಗೆ ಅಣ್ಣನ ಮಗ. ಹೊಸೂರಿನ ಒಂದು ಫ್ಯಾಕ್ಟರಿಯಲ್ಲಿ ಹೆಲ್ಪರು. ಮತ್ತಿಗಿರಿಯ ಬಾಡಿಗೆ ರೂಮಿಗೆ ಸುದ್ದಿ ಬಂದಾಗ ಮೈಮೇಲಿದ್ದ ಖಾಕಿ ಅಂಗಿಯಲ್ಲೇ ಬಸ್ಸು ಹತ್ತಿದ್ದ. ಇದೇ ಮಾತನ್ನು ಬೇರೆ ಯಾರಾದರೂ, ಬೇರೆ ಎಲ್ಲಾದರೂ ಆಡಿದ್ದರೆ ಅವರ ಹಲ್ಲು ಅವರ ಕೈಗೆ ಬರುತ್ತಿತ್ತು. ಏಳನೇ ಕ್ಲಾಸಿಗೆ ಅವನು ಸ್ಕೂಲು ಬಿಟ್ಟಿದ್ದೂ ಇಂಥದೇ ಒಂದು ಮಾತಿಗೆ. ಆದರೆ ಇವತ್ತು ಮೈ ಉರಿದಷ್ಟು ಕೈ ಏಳಲಿಲ್ಲ. ಯಾಕೆಂದರೆ ಆ ಮಾತು ಸುಳ್ಳಾಗಿರಲಿಲ್ಲ.

"ಚಿಕ್ಕಮಾವ, ಮಡಕೆ ನಾನೇ ಹೊರಬೇಕು ಅಂತ ಮಾವ ಹೇಳವ್ರೆ. ಅತ್ತೇನ ಕೇಳಿ ಬೇಕಾದ್ರೆ" ಎಂದ.

ಮಕ್ಕಳಿಲ್ಲದವನ ಕೊನೆಯ ನೀರಿನ ಮಡಕೆಯನ್ನು ಒಡಹುಟ್ಟಿದವನು ಹೊರುವುದು ವಾಡಿಕೆ. ವೆಂಕಟರಮಣಪ್ಪ ಸತ್ತವನಿಗೆ ಒಬ್ಬನೇ ತಮ್ಮ. ಆದರೂ ಅವನು ಇಲ್ಲ ಅನ್ನಲಿಲ್ಲ. ಅಂದಿದ್ದರೇ ಚೆನ್ನಾಗಿತ್ತು.

"ಹೊರು. ಯಾರು ಬ್ಯಾಡ ಅಂದ್ರು? ಇಷ್ಟು ಜನದ ಮುಂದೆ ಒಂದೇ ಒಂದು ಮಾತು ಹೇಳ್ಬುಟ್ಟು ಹೊರು. ಅವತ್ತು ಬೆಳಿಗ್ಗೆ ಬಿದಿರು ಮೆಳೇಲಿ ನಿನಗೆ ಕೇಳಿಸಿದ್ದು ಎಷ್ಟು? ಎರಡೋ, ಮೂರೋ? ನಾನೂ ನನ್ನ ಹೊಲದಾಗೆ ಇದ್ದೆ ಕಣ್ಲಾ. ನನಗೂ ಕಿವಿ ಐತೆ. ಎರಡು ಅಂತ ಒಪ್ಕೊ, ಮಡಕೆ ಎತ್ಕೊ."

ಎರಡು ಎಂದರೆ ಮಡಕೆ ಸಿಗುತ್ತಿತ್ತು. ಆದರೆ ಜಗಲಿಯ ಮೇಲೆ ಕೂತ ಮನುಷ್ಯ ಮಣ್ಣು ಸೇರುವ ಮೊದಲೇ ಊರೆದುರು ಪೆದ್ದನಾಗಿಬಿಡುತ್ತಿದ್ದ. ಮೂರು ಎಂದರೆ, ಏಳು ವರ್ಷದ ಸುಳ್ಳನ್ನು ಹೆಣದ ಎದುರಿಗೆ ಇನ್ನೊಂದು ಸಲ ಹೇಳಿದಂತಾಗುತ್ತಿತ್ತು.

ಆವುಲಪ್ಪ ಬಿದಿರಿನ ಸಿಪ್ಪೆಯನ್ನು ಕಾಲಲ್ಲಿ ಒದ್ದು, ಹೋಗಿ ಹುಣಸೆ ಮರದ ಕೆಳಗೆ ಕುಕ್ಕರಿಸಿದ.

*

ಮುತ್ತರಾಯಪ್ಪ ಕೃಷ್ಣಗಿರಿ ಕಡೆಯ ಕ್ವಾರಿಗಳಲ್ಲಿ ಬಂಡೆಗೆ ತೂತು ಕೊರೆದು ಮದ್ದು ತುಂಬುತ್ತಿದ್ದವನು. ಇಪ್ಪತ್ತು ವರ್ಷ ಮದ್ದು ಸಿಡಿದು ಸಿಡಿದು ಎಡಗಿವಿ ಪೂರ್ತಿ ಹೋಗಿತ್ತು, ಬಲಗಿವಿ ಅರ್ಧ ಉಳಿದಿತ್ತು. ಎಪ್ಪತ್ತೈದನೇ ಇಸವಿಯ ಸುಮಾರಿಗೆ ಒಬ್ಬ ಮೇಸ್ತ್ರಿ ಇವನನ್ನೂ ಇನ್ನು ಹತ್ತು ಜನರನ್ನೂ ಗೌರಿಬಿದನೂರಿನ ಕಡೆ ಗುಂಡಿ ತೋಡುವುದಕ್ಕೆ ಕರೆದುಕೊಂಡು ಹೋದ. ಬಟಾಬಯಲು, ಕಲ್ಲು ನೆಲ. ಸಾಲುಸಾಲು ಗುಂಡಿ, ಗುಂಡಿಗೊಂದು ಕಂಬ, ಕಂಬದಿಂದ ಕಂಬಕ್ಕೆ ತಂತಿ. ಅಷ್ಟು ತಂತಿ ಎಳೆದರೂ ಒಂದು ಬಲ್ಬು ಇಲ್ಲ. ನಾಲ್ಕನೇ ದಿನ ಮುತ್ತರಾಯಪ್ಪ ಹಾರೆ ಊರಿ ನಿಂತು, ಕನ್ನಡಕ ಹಾಕಿದ ಎಳೇ ಇಂಜಿನಿಯರನ್ನು ಕೇಳಿದ.

"ಇದು ಯಾತಕ್ಕೆ ಸ್ವಾಮಿ?"

"ಆಕಾಶದ ಸದ್ದು ಕೇಳೋದಕ್ಕೆ."

"ಅಲ್ಲಿ ಯಾರು ಮಾತಾಡ್ತಾರೆ?"

"ಯಾರೂ ಇಲ್ಲಪ್ಪ. ಸೂರ್ಯ, ನಕ್ಷತ್ರ, ಅವುಗಳದೇ ಗದ್ದಲ."

"ಆ ಗದ್ದಲದ ಮಧ್ಯೆ ಯಾರಾನ ಮಾತಾಡಿದ್ರೆ ನಿಮಗೆ ಹೆಂಗೆ ಗೊತ್ತಾಗ್ತದೆ?"

ಇಂಜಿನಿಯರು ಕನ್ನಡಕ ತೆಗೆದು ಒರೆಸಿಕೊಂಡ. ಗುಂಡಿ ತೋಡುವವನಿಂದ ಆ ಪ್ರಶ್ನೆ ಬರುತ್ತದೆಂದು ಅವನು ಎಣಿಸಿರಲಿಲ್ಲ. "ಎಣಿಸಿ ತೋರಿಸ್ತಾರೆ" ಎಂದ. "ಒಂದು, ಎರಡು, ಮೂರು. ಗಾಳಿ ಎಣಿಸೋದಿಲ್ಲ, ಸಿಡಿಲು ಎಣಿಸೋದಿಲ್ಲ. ಎಣಿಸಿದರೆ ಅಲ್ಲೊಂದು ಬುದ್ಧಿ ಇದೆ ಅಂತ."

ಆ ಕೆಲಸದಿಂದ ಬೇರೆಯವರು ಕಂಬಳಿ ತಂದರು, ಟ್ರಾನ್ಸಿಸ್ಟರ್ ತಂದರು. ಮುತ್ತರಾಯಪ್ಪ ಆ ಒಂದು ಮಾತನ್ನು ತಂದ.

ಊರಿಗೆ ಬಂದರೆ ರಾಗಿ ತೆನೆ ಬಲಿತಿತ್ತು, ಕಾಡಿನಿಂದ ಆನೆ ಇಳಿದಿದ್ದವು. ಪ್ರತಿ ವರ್ಷದ ಹಾಗೆ ಊರೆಲ್ಲ ಡಬ್ಬ ಬಡಿಯುತ್ತಿತ್ತು, ಪಟಾಕಿ ಎಸೆಯುತ್ತಿತ್ತು. ಇವನು ಎಲ್ಲಿಂದಲೋ ಮೊಳದುದ್ದ ರೈಲು ಕಂಬಿ ತಂದು ಹುಣಸೆ ಕೊಂಬೆಗೆ ತೂಗಿಬಿಟ್ಟ. ಮೂರು ಸಲ ನಿಧಾನವಾಗಿ ಬಡಿಯುವುದು. ಸುಮ್ಮನೆ ಕೂರುವುದು. ಮತ್ತೆ ಮೂರು.

"ಏನ್ ಮಾವ ಇದು?" ಎಂದು ಆವುಲಪ್ಪ ಕೇಳಿದ್ದಕ್ಕೆ, "ಮೇಲಿನೋರು ಮಾತಾಡೋದು ಯಾವ ಕಾಲಕ್ಕೋ. ಮೊದ್ಲು ಪಕ್ಕದ ಮನೆಯೋರನ್ನ ಮಾತಾಡಿಸಾನ. ಆನೆ ತಿರುಗಿ ಮೂರು ಎಣಿಸ್ತವಾ ನೋಡಾನ" ಎಂದಿದ್ದ.

*

ಹನ್ನೊಂದು ಗಂಟೆಯ ಬಸ್ಸಿಗೆ ರಾಮಸ್ವಾಮಿ ಮೇಷ್ಟ್ರು ಹೊಸೂರಿನಿಂದ ಹಾರ ಹಿಡಿದುಕೊಂಡು ಬಂದರು. ಹಿಂದೆ ಇಲ್ಲಿನ ಸ್ಕೂಲಿನಲ್ಲಿ ವಿಜ್ಞಾನ ಹೇಳಿಕೊಟ್ಟವರು, ಈಗ ರಿಟೈರ್ ಆಗಿದ್ದರು. ಹಾರ ಹಾಕಿ, ಬೆಂಚಿನ ಮೇಲೆ ಕ್ವಾರಿಯ ನಂಜಪ್ಪನ ಪಕ್ಕ ಕೂತರು. ಚಟ್ಟ ಕಟ್ಟುವ ಸದ್ದಿನ ಮಧ್ಯೆ ಮಾತು ಸತ್ತವನ ಕಡೆಗೇ ತಿರುಗಿತು.

"ಟೀ ಅಂಗಡೀಲಿ ಒಂದು ಕತೆ ಹೇಳ್ತಿದ್ದ, ನೀವು ಕೇಳಿದ್ರಾ ಮೇಷ್ಟ್ರೇ?" ಎಂದ ನಂಜಪ್ಪ. "ಯಾವ್ದೋ ಚುಕ್ಕಿಯಿಂದ ಯಾರೋ ಬಂದು ನಮ್ಮ ಸಂತೆ ಮಾಳದಾಗೆ ಇಳೀತಾರಂತೆ. ಕಲೆಕ್ಟ್ರು ಹಾರ ಹಿಡ್ಕೊಂಡು ನಿಂತವ್ನಂತೆ, ಪಕ್ಕದಾಗೆ ತಹಸೀಲ್ದಾರ್ರು. ಬಂದೋರು ಇವರ ಮಕ ಕೂಡ ನೋಡ್ದಂಗೆ ಸೀದಾ ಕಾಡಿಗೆ ಹೋಗ್ಬುಡ್ತಾರಂತೆ. ಮೂರು ದಿನ ಆನೆಗಳ ಹತ್ರ ಮಾತುಕತೆ. ವಾಪಸ್ ಹತ್ತೋವಾಗ ಕಲೆಕ್ಟ್ರು ಓಡಿಹೋಗಿ, ಸಾಮಿ, ಇದು ನಮ್ಮ ಊರು, ನಾವು ಇಲ್ಲಿಯೋರು ಅಂತಾನಂತೆ. ಅದಕ್ಕೆ ಅವರು, ಓ, ಡಬ್ಬ ಬಡಿಯೋರು ನೀವೇನಾ ಅಂತಾರಂತೆ."

ಬೆಂಚಿನಲ್ಲಿದ್ದವರು ಟವೆಲ್ಲು ಬಾಯಿಗೆ ಅಡ್ಡ ಹಿಡಿದು ನಕ್ಕರು. ಸಾವಿನ ಮನೆಯೆಂದು ನೆನಪಾಗಿ ಸುಮ್ಮನಾದರು. ಆಮೇಲೆ ಜಗಲಿಯ ಕಡೆ ನೋಡಿ ಇನ್ನೊಂದು ಸಲ ನಕ್ಕರು.

"ನನ್ನನ್ನೂ ಒಂದು ದಿನ ಹಿಡಿದು ಹಾಕಿದ್ದ" ಎಂದರು ಮೇಷ್ಟ್ರು. "ನಾನು ಅಂದೆ, ಸೊಂಡಿಲು ನೋಡು ಮುತ್ತರಾಯಪ್ಪ, ಮರಾನೂ ಕೀಳುತ್ತೆ, ಕಡ್ಲೆ ಬೀಜಾನೂ ಎತ್ತುತ್ತೆ. ಯಾರೋ ಕೂತು ಯೋಚನೆ ಮಾಡಿ ಮಾಡದೆ ಇಂಥದು ತಾನಾಗೇ ಆಗುತ್ತಾ ಅಂತ. ಅವನು ಏನಂದ ಗೊತ್ತಾ? ಯೋಚನೆ ಮಾಡಿ ಮಾಡಿದ್ರೆ ಕಣ್ಣಿಗೆ ರೆಪ್ಪೆ ಇಟ್ಟಂಗೆ ಕಿವಿಗೂ ಒಂದು ಇಡ್ತಿದ್ದ ಮೇಷ್ಟ್ರೇ, ಕ್ವಾರಿ ಕೆಲ್ಸದೋರನ್ನ ಮರ್ತುಬುಟ್ಟವ್ನೆ ಅಂದ."

"ಅದೆಲ್ಲ ಸರಿ" ಎಂದ ನಂಜಪ್ಪ, ದನಿ ತಗ್ಗಿಸಿ. "ವೆಂಕಟರಮಣಪ್ಪನ ಹೊಟ್ಟೆ ಉರೀನೂ ಸುಮ್ನೆ ಅಲ್ಲ. ಅಣ್ಣ ಆನೆಗೆ ಅಂತ ಹೊಲದಾಗೆ ಒಂದು ಪಟ್ಟೆ ರಾಗಿ ಕೊಯ್ಯದೆ ಬಿಟ್ಟ. ಅವು ಅದನ್ನ ತಿಂದು, ಆಚೆ ವರ್ಷ ತಮ್ಮನ ಮೆದೇನೂ ಹರಡಿ ಹೋದ್ವು. ಒಂದು ವರ್ಷದ ಅನ್ನ ಅದು. ಬಿಟ್ಟಿದ್ದು ಯಾತಕ್ಕೆ? ಈ ಆವುಲ ಮೂರು ಅಂದ ಅಂತ."

ಹುಣಸೆ ಮರದ ಕೆಳಗೆ ಆವುಲಪ್ಪನಿಗೆ ಪ್ರತಿ ಮಾತೂ ಕೇಳಿಸಿತು. ಅವನ ಕಿವಿ ಹಾಳಾಗಿರಲಿಲ್ಲ. ಅದೇ ಅವನ ಕಷ್ಟವಾಗಿತ್ತು.

*

ಅವನು ಸ್ಕೂಲು ಬಿಟ್ಟು, ಮನೆಯಲ್ಲಿ ಒದೆ ತಿಂದು, ಅತ್ತೆಯ ಮನೆಗೆ ಬಂದು ಸೇರಿಕೊಂಡಿದ್ದ. ಮುತ್ತರಾಯಪ್ಪ ಯಾಕೆ ಬಿಟ್ಟೆ ಎಂದು ಕೇಳಲಿಲ್ಲ. "ಕಿವಿ ಚೆನ್ನಾಗದಾವಾ?" ಎಂದು ಕೇಳಿದ. ಅವತ್ತಿನಿಂದ ಹುಡುಗ ಅವನ ಕಿವಿಯಾದ. ಕಂಬಿ ಬಡಿಯುವುದು ಮಾವ, ಕೇಳುವುದು ಅಳಿಯ. ನಾಲ್ಕು ವರ್ಷ ಹೀಗೇ ನಡೆಯಿತು. ಆನೆ ಬರುತ್ತಿದ್ದವು, ಮೇಯುತ್ತಿದ್ದವು, ಹೋಗುತ್ತಿದ್ದವು. ಅಷ್ಟೇ.

ಎಪ್ಪತ್ತೊಂಬತ್ತರ ಕಾರ್ತಿಕದ ಒಂದು ಬೆಳಗು. ಬೆಳಕು ಹರಿದಿತ್ತು, ಮಂಜು ಇನ್ನೂ ಎದ್ದಿರಲಿಲ್ಲ. ಹೊಲದಂಚಿನ ಬಿದಿರು ಮೆಳೆಯ ಪಕ್ಕ ಒಂದು ಮುದಿ ಹೆಣ್ಣಾನೆ ನಿಂತಿತ್ತು, ಎಡಗಿವಿ ಹರಿದದ್ದು. ಮುತ್ತರಾಯಪ್ಪ ಅದನ್ನು ಹರಕು ಕಿವಿಯವಳು ಎನ್ನುತ್ತಿದ್ದ, ನಮ್ಮ ಜಾತಿಯವಳು ಎಂದು ನಗುತ್ತಿದ್ದ. ಪಕ್ಕದ ಹೊಲದಲ್ಲಿ ವೆಂಕಟರಮಣಪ್ಪ ಡಬ್ಬ ಬಡಿದು ಬಡಿದು ಒಂದು ಗಳಿಗೆ ಸುಮ್ಮನಾಗಿದ್ದ.

ಮುತ್ತರಾಯಪ್ಪ ಕಂಬಿಗೆ ಬಡಿದ. ಒಂದು. ಎರಡು. ಮೂರು.

ಆನೆ ಕಿವಿ ಬೀಸುವುದನ್ನು ನಿಲ್ಲಿಸಿತು. ಸೊಂಡಿಲು ಎತ್ತಿ ಒಂದು ಬಿದಿರನ್ನು ಹಿಡಿದು ಮುರಿಯಿತು. ಚಟ್. ಬಾಯಿಗೆ ಇಟ್ಟುಕೊಳ್ಳಲಿಲ್ಲ, ಕೆಳಗೆ ಬಿಟ್ಟಿತು. ಇನ್ನೊಂದನ್ನು ಹಿಡಿಯಿತು. ಚಟ್.

ಹುಡುಗನ ಮೈಯೆಲ್ಲ ಕಿವಿಯಾಯಿತು. ಪಕ್ಕದ ಹೊಲದ ಡಬ್ಬ ಮತ್ತೆ ಶುರುವಾಯಿತು. ಆನೆ ತಿರುಗಿ ಮಂಜಿನೊಳಗೆ ಹೊರಟುಹೋಯಿತು.

ಮುತ್ತರಾಯಪ್ಪ ಮೆಳೆಯನ್ನು ನೋಡುತ್ತಿರಲಿಲ್ಲ. ಮಂಜಿನಲ್ಲಿ ಅವನ ಕಣ್ಣಿಗೆ ಕಂಡದ್ದು ಒಂದು ಕಪ್ಪು ನೆರಳು ಮಾತ್ರ. ಅವನು ಹುಡುಗನ ಮುಖವನ್ನೇ ನೋಡುತ್ತಿದ್ದ.

"ಏನೋ ಆಯ್ತಲ್ವಾ? ಎಷ್ಟು? ಎಷ್ಟ್ಲಾ?"

ಬೇರೆ ಯಾರೂ ಆವುಲಪ್ಪನನ್ನು ಅಷ್ಟು ನಂಬಿ ಏನನ್ನೂ ಕೇಳಿರಲಿಲ್ಲ. ಅವನು ಕೈ ಎತ್ತಿದ. ಎರಡು ಬೆರಳು ಎದ್ದವು. ಆ ಮುಖ ನೋಡಿದ. ಮೂರನೆಯ ಬೆರಳು ತಾನಾಗಿಯೇ ಎದ್ದಿತು.

ಮುತ್ತರಾಯಪ್ಪ ಅಲ್ಲೇ ನೆಲದ ಮೇಲೆ ಕೂತುಬಿಟ್ಟ. "ಉಂಡ್ಯಾ ನೀನು? ನಡಿ, ಉಣ್ಣಾನ" ಎಂದ.

ಆ ವರ್ಷ ಕೊಯ್ಲಿನಲ್ಲಿ ಮೆಳೆಯ ಕಡೆಯ ನಾಲ್ಕು ಸಾಲು ರಾಗಿಯನ್ನು ಕೊಯ್ಯದೆ ಬಿಟ್ಟ. ಅವರ ಪಾಲು ಎಂದ. ಆಮೇಲೆ ಪ್ರತಿ ವರ್ಷವೂ ಬಿಟ್ಟ. ಈ ವರ್ಷವೂ ಬಿಟ್ಟಿದ್ದ.

*

"ಆವುಲ, ಹಂಡೆ ಇಳಿಸಿಕೊಡು ಬಾ" ಎಂದು ಪಿಳ್ಳಮ್ಮ ಹಿತ್ತಿಲಿನಿಂದ ಕರೆದಳು.

ಹೆಣ ತೊಳೆಯುವುದಕ್ಕೆ ನೀರು ಕಾದಿತ್ತು. ಅವಳು ಬೆಳಗಿನಿಂದ ಅತ್ತು ಮುಗಿಸಿ, ಈಗ ಹೊಗೆಗೆ ಕಣ್ಣು ಕಿರಿದು ಮಾಡಿಕೊಂಡು ಒಲೆಯ ಕೊಳ್ಳಿ ಎಳೆಯುತ್ತಿದ್ದಳು. ಆವುಲಪ್ಪ ಬಟ್ಟೆ ಹಿಡಿದು ಹಂಡೆ ಇಳಿಸಿದ. ಇಳಿಸಿ ಅಲ್ಲೇ ನಿಂತ.

"ಅತ್ತೆ, ಚಿಕ್ಕಮಾವ ಅಂದಿದ್ದು ದಿಟ. ಎರಡೇ ಕೇಳಿಸಿದ್ದು. ನಾನೇ ಒಂದು ಸೇರಿಸ್ದೆ."

"ಗೊತ್ತು" ಎಂದಳು ಪಿಳ್ಳಮ್ಮ. "ನಾನು ಇಲ್ಲೇ ಕಸ ಗುಡಿಸ್ತಿದ್ದೆ. ನನಗೂ ಎರಡೇ ಕೇಳಿಸಿದ್ದು."

"ನೀನು ಯಾವತ್ತೂ ಹೇಳ್ಲಿಲ್ಲ."

"ನಾನ್ಯಾಕೆ ಹೇಳ್ಲಿ? ಅವರಿಗೇ ಗೊತ್ತಿತ್ತಲ್ಲ."

ಆವುಲಪ್ಪ ಅರ್ಥವಾಗದೆ ನೋಡಿದ. ಅವಳು ಸೀರೆ ಸೆರಗಿನಿಂದ ಕೈ ಒರೆಸಿಕೊಂಡಳು.

"ಅವತ್ತು ನೀನು ಉಂಡು ಮಲಗಿದ ಮ್ಯಾಲೆ ಮೆಳೆ ಹತ್ರ ಹೋಗಿದ್ರು ಕಣಪ್ಪ. ಮುರಿದು ಬಿದ್ದಿದ್ದು ಎರಡೇ ಬಿದಿರು. ಸುತ್ತ ಹುಡುಕವ್ರೆ, ಇನ್ನೊಂದು ಸಿಗಲಿಲ್ಲ. ಬಂದು ನನ್ನ ಹತ್ರ ಕೂತು ಅಂದ್ರು, ಪಿಳ್ಳೀ, ಹುಡುಗ ನನಗೋಸ್ಕರ ಒಂದು ಸೇರಿಸವ್ನೆ ಕಣೇ ಅಂತ. ನಗ್ತಿದ್ರು. ಕಣ್ಣಾಗೆ ನೀರಿತ್ತು. ಬಯ್ಯಲ್ವಾ ಅಂದೆ. ಯಾತಕ್ಕೆ ಬಯ್ಲಿ ಅಂದ್ರು."

"ಮತ್ತೆ ರಾಗಿ ಯಾಕೆ ಬಿಟ್ರು, ವರ್ಷ ವರ್ಷ?"

"ಅದನ್ನೂ ಕೇಳ್ದೆ. ಹರಕು ಕಿವಿಯೋಳು ನಾಲ್ಕು ವರ್ಷಕ್ಕೆ ಎರಡು ಕಲ್ತವಳೆ, ಅದೇನು ಕಮ್ಮಿಯಾ, ಮೂರನೇದಕ್ಕೆ ಟೈಮ್ ಕೊಡಬ್ಯಾಡ್ವಾ ಅಂದ್ರು." ಪಿಳ್ಳಮ್ಮ ಹೊಸ ಮಡಕೆಯನ್ನು ನೀರಿನ ತೊಟ್ಟಿಯಲ್ಲಿ ಅದ್ದಿ ತುಂಬಿಸಿದಳು. "ಮಡಕೆ ಬಿಟ್ಟ ಮ್ಯಾಲೆ ತಿರುಗಿ ನೋಡಬ್ಯಾಡ. ಯಾರು ಕೂಗಿದ್ರೂ ಓ ಅನ್ನಬ್ಯಾಡ. ಸೀದಾ ನಡ್ಕೊಂಡು ಹೋಗಿ ಬಾವಿ ಹತ್ರ ನಿಂತ್ಕೊ."

"ಚಿಕ್ಕಮಾವ ಬಿಡಲ್ಲ."

"ಅವನನ್ನ ಯಾರು ಕೇಳಿದ್ರು?"

*

ಚಟ್ಟ ಎತ್ತುವ ಹೊತ್ತಿಗೆ ಪಿಳ್ಳಮ್ಮ ತುಂಬಿದ ಮಡಕೆಯನ್ನು ಸೊಂಟದ ಮೇಲೆ ಹೊತ್ತು ಅಂಗಳದ ಮಧ್ಯಕ್ಕೆ ಬಂದಳು. ಎಲ್ಲರ ಎದುರಿಗೆ ಅದನ್ನು ಆವುಲಪ್ಪನ ಎಡ ಹೆಗಲಿಗೆ ಏರಿಸಿದಳು. ವೆಂಕಟರಮಣಪ್ಪ ಮುಂದೆ ಬಂದ.

"ಅತ್ತಿಗೆ, ಇವನು ಇನ್ನೂ ಹೇಳಿಲ್ಲ."

"ಎಷ್ಟು ಅಂತ ನನ್ನ ಕೇಳು ವೆಂಕಟರಮಣ. ನಾನೂ ಅವತ್ತು ಇಲ್ಲೇ ಇದ್ದೆ."

ವೆಂಕಟರಮಣಪ್ಪ ಒಂದು ಹೆಜ್ಜೆ ಹಿಂದೆ ಸರಿದ.

"ನಿಮ್ಮಣ್ಣ ಯಾರ ಕಿವಿ ನಂಬ್ಕೊಂಡಿದ್ರೋ ಅವನೇ ಹೊರ್ಲಿ" ಎಂದು ಪಿಳ್ಳಮ್ಮ ಜಗಲಿಗೆ ಹೋಗಿ ಕಂಬ ಹಿಡಿದು ನಿಂತಳು.

ಗುಂಡಿಯನ್ನು ಹೊಲದ ಅಂಚಿನಲ್ಲೇ ತೋಡಿದ್ದರು. ಒಂದು ಕಡೆ ಕೊಯ್ದ ಹೊಲ, ಇನ್ನೊಂದು ಕಡೆ ಒಣಗಿ ನಿಂತ ನಾಲ್ಕು ಸಾಲು ರಾಗಿ, ಅದರಾಚೆ ಬಿದಿರು ಮೆಳೆ. ಕ್ವಾರಿಯವರು ಜೊತೆಗಾರನನ್ನು ಹಗುರಾಗಿ ಕೆಳಗೆ ಇಳಿಸಿದರು. ಮೊದಲ ಹಿಡಿ ಮಣ್ಣು ತಮ್ಮನದು. ವೆಂಕಟರಮಣಪ್ಪ ಗುಂಡಿಯೊಳಗೆ ಬಗ್ಗಿದ. ಮಣ್ಣು ಹಾಕದೆ ಅಣ್ಣನ ಮುಖವನ್ನೇ ನೋಡಿದ. ಆಮೇಲೆ ತನ್ನ ಹೆಗಲ ಟವೆಲ್ಲನ್ನು ತೆಗೆದು, ಮಡಿಸಿ, ಅಣ್ಣನ ಬಲಗಿವಿಗೆ, ಅರ್ಧ ಉಳಿದಿದ್ದ ಆ ಕಿವಿಗೆ, ಮಣ್ಣು ಹೋಗದ ಹಾಗೆ ಮುಚ್ಚಿದ. ಮಣ್ಣನ್ನು ಎದೆಯ ಮೇಲೆ ಹಾಕಿದ.

ಮೇಷ್ಟ್ರು ಮುಖ ಆ ಕಡೆ ತಿರುಗಿಸಿಕೊಂಡರು.

ಗುಂಡಿ ಮುಚ್ಚಿದ ಮೇಲೆ ಅದರ ಸುತ್ತ ಮಡಕೆಯ ಮೂರು ಸುತ್ತು, ಸುತ್ತಿಗೊಂದು ತೂತು. ಹೊತ್ತವನು ಮುಂದೆ, ತೂತು ಹೊಡೆಯುವವನು ಹಿಂದೆ. ಬೆಳಿಗ್ಗೆ ಕಿತ್ತುಕೊಂಡ ಮಚ್ಚು ಇನ್ನೂ ವೆಂಕಟರಮಣಪ್ಪನ ಕೈಯಲ್ಲಿತ್ತು. ತಮಟೆ ಸಣ್ಣಗೆ ನುಡಿಯುತ್ತಿತ್ತು.

ಮೊದಲ ಸುತ್ತು ಮುಗಿಯಿತು. ಮಚ್ಚಿನ ಮೊನೆ ಮಡಕೆಗೆ ತಾಕಿತು. ಚಟ್. ತಣ್ಣನೆಯ ನೀರು ಒಂದು ಎಳೆಯಾಗಿ ಆವುಲಪ್ಪನ ಬೆನ್ನ ಮೇಲೆ ಇಳಿಯಿತು.

ಎರಡನೆಯ ಸುತ್ತು. ಚಟ್. ಖಾಕಿ ಅಂಗಿ ಬೆನ್ನಿಗೆ ಅಂಟಿಕೊಂಡಿತು.

ಮೂರನೆಯ ಸುತ್ತು ಮುಗಿದು ಆವುಲಪ್ಪ ನಿಂತ. ಮಚ್ಚು ತಾಕಲಿಲ್ಲ. ತಮಟೆಯವರು ತೂತಿಗೆ ಕಾದು, ಬರದಿದ್ದಾಗ ಕೈ ನಿಲ್ಲಿಸಿದರು. ಹಿಂದೆ ಉಸಿರಾಡುವ ಸದ್ದು. ಆಮೇಲೆ ಕಿವಿಯ ಹತ್ತಿರ ಬಂದ ದನಿ ಬೆಳಗಿನದಾಗಿರಲಿಲ್ಲ.

"ಆವುಲ. ಅವತ್ತು ಎರಡಾದ ಮ್ಯಾಲೆ ನಾನು ತಿರಗ ಡಬ್ಬ ಬಡಿಯೋಕೆ ಹತ್ತಿದೆ ಕಣಪ್ಪ. ಆ ಗಲಾಟೇಲಿ ನನಗೆ ಕೇಳಿಸದೆ ಹೋಗಿರಬೌದು. ನೀನು ಹತ್ರ ಇದ್ದೆ. ಇನ್ನೊಂದು ಇತ್ತು ಅಲ್ವಾ?"

ಆವುಲಪ್ಪ ಮುಂದೆ ನೋಡುತ್ತಲೇ ನಿಂತಿದ್ದ. ಮೊನೆ ಕೊನೆಗೂ ತಾಕಿತು. ಮೆಲ್ಲಗೆ, ಬಾಗಿಲು ತಟ್ಟಿದ ಹಾಗೆ. ಮೂರನೆಯ ತೂತಿನ ನೀರೂ ಬೆನ್ನಿಗೆ ಇಳಿಯಿತು. ಅವನು ಹೆಗಲು ಜಾರಿಸಿದ. ಮಡಕೆ ಹಿಂದೆ ಬಿದ್ದು ಒಡೆಯಿತು.

ಅವನು ನಡೆಯತೊಡಗಿದ.

"ಹೇಳ್ಲಾ" ಎಂದ ವೆಂಕಟರಮಣಪ್ಪ ಹಿಂದಿನಿಂದ. "ಇತ್ತು ತಾನೆ?"

ತಮಟೆ ಇಲ್ಲ, ಅಳು ಇಲ್ಲ, ಒಂದು ಕೆಮ್ಮು ಕೂಡ ಇಲ್ಲ. ಅಷ್ಟು ಜನ ಕಿವಿಗೊಟ್ಟು ನಿಂತಿದ್ದರು. ದಾರಿಗೆ ಅಡ್ಡವಾಗಿ ನಿಂತ ರಾಗಿಯ ಸಾಲುಗಳ ಹತ್ತಿರ ಬಂದಾಗ ಆವುಲಪ್ಪ ಅದರೊಳಗೆ ಕಾಲಿಡಲಿಲ್ಲ. ಒಂದು ತೆನೆಯೂ ಮುರಿಯದ ಹಾಗೆ ಸುತ್ತುಹಾಕಿಕೊಂಡು ಬಾವಿಯ ಕಡೆಗೆ ಹೋದ. ಅವನ ಬೆನ್ನ ಮೇಲೆ ನೀರು ಮೂರು ಎಳೆಯಾಗಿ ಇಳಿಯುತ್ತಿತ್ತು.